ನಮ್ಮ ಓಣಿಯಲ್ಲಿ ಕೋಳಿ ಗೂಡು ನೋಡುವ ಭಾನುವಾರ

ಸಿಂಧನೂರಿನಲ್ಲಿ ಊರು ಮುಗಿದು ಗದ್ದೆ ಶುರುವಾಗುವ ಕಡೆ ನಮ್ಮ ಓಣಿ ಇದೆ. ಕೋಳಿ ಇಲ್ಲದ ಮನೆಗಿಂತ ಇರುವ ಮನೆಯೇ ಜಾಸ್ತಿ. ಅಕ್ಕಿ ಗಿರಣಿಗಳು ಹತ್ತಿರ ಇರೋದರಿಂದ ನುಚ್ಚು, ತೌಡಿಗೆ ತೊಂದರೆ ಇಲ್ಲ. ಗೂಡಿಗೆ ಹಾಸಲು ಭತ್ತದ ಹೊಟ್ಟಂತೂ ಕೇಳಿದಷ್ಟು ಸಿಗುತ್ತೆ. ಆದರೆ ಒಬ್ಬರ ಹಿತ್ತಲಿಗೆ ಇನ್ನೊಬ್ಬರು ಹೋಗೋದು ಕಮ್ಮಿ. ಮಾತು, ಚಹಾ ಎಲ್ಲ ಮುಂದಿನ ಕಟ್ಟೆಯ ಮೇಲೇ ಮುಗಿಯುತ್ತೆ. ಪಕ್ಕದ ಮನೆಯಲ್ಲಿ ಎಷ್ಟು ಹುಂಜ ಇವೆ ಅಂತ ಕೂಗಿನಿಂದ ಹೇಳಬಲ್ಲೆ, ಗೂಡು ಹೇಗಿದೆ ಅಂತ ಕೇಳಿದರೆ ಗೊತ್ತಿರಲಿಲ್ಲ.

ಅಮೆರಿಕದ ಪೋರ್ಟ್‌ಲ್ಯಾಂಡ್, ರಾಲೀ ಥರದ ಊರುಗಳಲ್ಲಿ ಜನ ಟಿಕೆಟ್ ತಗೊಂಡು, ಕೈಯಲ್ಲಿ ನಕ್ಷೆ ಹಿಡಿದು, ಮನೆಮನೆಯ ಹಿತ್ತಲಿನ ಕೋಳಿ ಗೂಡು ನೋಡಿಕೊಂಡು ಬಂದದ್ದುಂಟು. ಅದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟೇ. ನಮ್ಮಲ್ಲಿ ನಕ್ಷೆಯೂ ಬೇಡ, ಟಿಕೆಟ್ಟೂ ಬೇಡ. ಬಾಗಿಲು ತೆಗೆದರೆ ಸಾಕು.

ಕಟ್ಟೆಯ ಮೇಲೆ ಈ ಮಾತು ತೆಗೆದೆ. ಎದುರು ಮನೆ ದೊಡ್ಡವ್ವ ನಕ್ಕುಬಿಟ್ಟರು. "ಗೂಡ್ನ್ಯಾಗ ನೋಡಾಕ ಏನೈತಬೇ? ಹಿಕ್ಕಿ ಐತಿ." ಮೂಲೆ ಮನೆಯ ಭಾಬಿ ಬರ್ತೀನಿ ಅಂದರು, ಆದರೆ ಒಂದು ಷರತ್ತು ಹಾಕಿದರು. "ನಮ್ಮ ಗೂಡು ಛಲೋ ಇಲ್ರೀ ಅಕ್ಕಾ. ಸುಣ್ಣ ಬಳಿಸಿ ಆಮ್ಯಾಲ ಕರಿತೀನಿ."

ಸುಣ್ಣ ಬಳಿಸೋದೇ ಬೇಡ ಅಂತ ನಾನು ಹಟ ಹಿಡಿದೆ. ತೊಳೆದು ಬಳಿದು ಸಿಂಗಾರ ಮಾಡಿದ ಗೂಡು ನೋಡಿ ಏನು ಕಲಿಯೋದು? ಬೆಳಿಗ್ಗೆ ಏಳು ಗಂಟೆಗೆ ಗೂಡು ಹೇಗಿರುತ್ತೋ ಹಾಗೇ ತೋರಿಸಬೇಕು. ಜೊತೆಗೆ ಪ್ರತಿ ಮನೆಯವರೂ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಹೋದ ವರ್ಷ ನಿಮ್ಮ ಕೋಳಿ ಎಷ್ಟು ಸತ್ತವು, ಯಾವ ತಿಂಗಳು, ಹೇಗೆ? ಎಷ್ಟು ಮೊಟ್ಟೆ ಬಂತು ಅಂತ ಕೇಳದಿದ್ದರೂ ಎಲ್ಲರೂ ಹೇಳ್ತಾರೆ. ಸತ್ತದ್ದನ್ನು ಯಾರೂ ಬಾಯಿ ಬಿಡಲ್ಲ. ಇಡೀ ತಿರುಗಾಟದಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಈ ಒಂದು ಪ್ರಶ್ನೆ.

2025ರ ಬೇಸಿಗೆ ಶುರುವಾಗುವ ಹೊತ್ತಿಗೇ ಮಾಡೋಣ ಅಂತಿದ್ದೆವು. ಅಷ್ಟರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ಅಂತ ಸುದ್ದಿ ಬಂತು. ಸಂಡೂರು ನಮಗೆ ದೂರವೇ. ಆದರೂ ಅಂಥ ಹೊತ್ತಿನಲ್ಲಿ ಒಬ್ಬರ ಗೂಡಿನಿಂದ ಇನ್ನೊಬ್ಬರ ಗೂಡಿಗೆ ಕಾಲಿಡೋದು ತಪ್ಪು. ಚಳಿಗಾಲಕ್ಕೆ ಮುಂದೂಡಿದೆವು. ಅದೂ ಒಳ್ಳೆಯದೇ ಆಯ್ತು. ರಾಯಚೂರು ಸೀಮೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಹಿತ್ತಲು ಸುತ್ತೋಕೆ ಯಾರು ಬರ್ತಾರೆ? ಕೋಳಿಗಳೇ ಬಾಯಿ ತೆರೆದು ತೇಕುತ್ತಾ ಕೂತಿರ್ತವೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಗೊತ್ತು ಮಾಡಿದೆವು. ಬಿಸಿಲು ಏರುವ ಮೊದಲೇ ಮುಗಿಸಬೇಕು ಅಂತ ಮಾತಾಗಿತ್ತು.

ಮನೆಗಳ ಸಾಲು ಹೇಗಿರಬೇಕು ಅನ್ನೋದರ ಬಗ್ಗೆ ಸ್ವಲ್ಪ ಹೇಳಬೇಕು. ಮೇಲಿನಿಂದ ಕೆಳಗೆ ಮನೆ ನಂಬರ್ ಪ್ರಕಾರ ಹೋಗಬಾರದು. ಮೊದಲು ಎಳೆ ಮರಿಗಳಿರುವ ಮನೆ, ಕೊನೆಗೆ ದೊಡ್ಡ ಕೋಳಿಗಳಿರುವ ಮನೆ. ದೊಡ್ಡ ಕೋಳಿ ಮೈಯಲ್ಲಿ ಇಟ್ಟುಕೊಂಡು ಓಡಾಡುವ ರೋಗ ನಮ್ಮ ಚಪ್ಪಲಿಗೆ ಅಂಟಿ ಮರಿಗಳ ಹತ್ತಿರ ಹೋಗಬಾರದು, ಅಷ್ಟೇ. ಯಾವ ಮನೆಯಲ್ಲಾದರೂ ಆ ವಾರ ಒಂದು ಕೋಳಿ ಮಂಕಾಗಿ ಕೂತಿದ್ದರೂ ಆ ಮನೆ ಪಟ್ಟಿಯಿಂದ ಹೊರಗೆ. ಬೇಜಾರು ಮಾಡ್ಕೋಬಾರದು ಅಂತ ಮೊದಲೇ ಮಾತಾಗಿತ್ತು. ಹಾಗೆ ಒಂದು ಮನೆ ಬಿಟ್ಟೆವು.

ಪ್ರತಿ ಹಿತ್ತಲ ಬಾಗಿಲಲ್ಲೂ ಅಗಲವಾದ ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಮಡಚಿದ ಗೋಣಿಚೀಲ, ಅದು ಮುಳುಗುವಷ್ಟು ಬ್ಲೀಚಿಂಗ್ ಪುಡಿ ಕಲಸಿದ ನೀರು. ಪಕ್ಕದಲ್ಲಿ ಒಂದು ತೆಂಗಿನ ನಾರಿನ ಬ್ರಷ್. ಚಪ್ಪಲಿಯ ಕೆಸರು, ಹಿಕ್ಕೆ ಉಜ್ಜಿ ತೆಗೆದ ಮೇಲೆ ಗೋಣಿ ತುಳಿಯಬೇಕು. ಕೊಳೆ ಮೆತ್ತಿಕೊಂಡಿರುವಾಗ ಬ್ಲೀಚಿಂಗ್ ನೀರು ಕೆಲಸ ಮಾಡಲ್ಲ. ಬುಟ್ಟಿ ಇಟ್ಟು ಬ್ರಷ್ ಇಡದಿದ್ದರೆ ಅದು ಬರೀ ಶಾಸ್ತ್ರ. ಒಂದು ಸಲಕ್ಕೆ ಐದಾರು ಜನ ಮಾತ್ರ. ಯಾರೂ ಕೋಳಿ ಮುಟ್ಟಬಾರದು. ದೊಡ್ಡ ಫಾರಂಗಳಲ್ಲಿ ಕೆಲಸ ಮಾಡುವವರನ್ನು ಮಾತ್ರ ಕರೆಯಲಿಲ್ಲ. ಅವರ ಹೊಟ್ಟೆಪಾಡು ಆ ಕೋಳಿಗಳ ಮೇಲಿದೆ, ನಮ್ಮ ಹಿತ್ತಲಿನಿಂದ ಅವರಿಗೆ ತೊಂದರೆ ಆಗಬಾರದು.

ಕೋಳಿ ಸಾಕದವರನ್ನೂ ಕರೆದೆವು. ಇದು ದೊಡ್ಡವ್ವನ ಸಲಹೆ. ನಮ್ಮ ಪಕ್ಕದ ನಿವೃತ್ತ ಮಾಸ್ತರ್ ಮನೆಯಲ್ಲಿ ಮೊಟ್ಟೆ ಕೂಡ ತರಲ್ಲ. ನಮ್ಮ ಕೋಳಿಗಳು ಅವರ ಕನಕಾಂಬರದ ಮಡಿ ಕೆದರಿದ್ದಕ್ಕೆ ಹಲವು ಸಲ ಜಗಳ ಆಗಿದೆ. ಅವರು ಬಂದರು. ಮೂಗಿಗೆ ಟವೆಲ್ ಹಿಡಿದೇ ಬಂದರು ಅನ್ನಿ.

ಮೊದಲ ಮನೆ ಮರಿಗಳದ್ದು. ಹೊಸದಾಗಿ ಮದುವೆಯಾದ ಹುಡುಗ ಹುಡುಗಿ. ರಟ್ಟನ್ನು ದುಂಡಗೆ ಸುತ್ತಿ, ಒಳಗೆ ಹೊಟ್ಟು ಹಾಸಿ, ಮೇಲೆ ಬಲ್ಬು ಇಳಿಬಿಟ್ಟಿದ್ದರು. ಮೊದಲ ವಾರ ಮರಿಗಳಿಗೆ 35 ಡಿಗ್ರಿಯಷ್ಟು ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸ್ತಾ ಹೋಗಬೇಕು. ಥರ್ಮಾಮೀಟರ್ ಎಲ್ಲಿದೆ ಅಂತ ಮಾಸ್ತರ್ ಕೇಳಿದರು. ಹುಡುಗಿ ಮರಿಗಳ ಕಡೆ ಕೈ ತೋರಿಸಿದಳು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಒತ್ತಿಕೊಂಡರೆ ಚಳಿ ಆಗ್ತಿದೆ. ರಟ್ಟಿನ ಅಂಚಿಗೆ ಹೋಗಿ ಕೂತರೆ ಸೆಕೆ. ಹರಡಿಕೊಂಡು ಕಾಳು ಹೆಕ್ಕುತ್ತಿದ್ದರೆ ಸರಿ ಇದೆ. ಬಲ್ಬನ್ನು ದಾರದಿಂದ ಮೇಲೆ ಕೆಳಗೆ ಮಾಡ್ತಾಳೆ, ಮುಗೀತು.

ಭಾಬಿಯ ಗೂಡು ನೋಡಿ ಎಲ್ಲರೂ ಬೆರಗಾದರು. ಅದು ಹಳೆಯ ಕೂಲರ್. ನಮ್ಮ ಕಡೆ ಕೂಲರ್ ಇಲ್ಲದ ಮನೆ ಕಮ್ಮಿ, ಕೆಟ್ಟ ಕೂಲರ್‌ಗೂ ಬರ ಇಲ್ಲ. ಮೋಟಾರ್, ಫ್ಯಾನ್ ತೆಗೆದು, ಮೂರು ಕಡೆಯ ಹುಲ್ಲಿನ ಪ್ಯಾಡ್ ಕಿತ್ತು, ಆ ಜಾಗಕ್ಕೆ ಸಣ್ಣ ಕಣ್ಣಿನ ಜಾಲರಿ ಬಿಗಿದಿದ್ದರು. ಫ್ಯಾನ್ ಇದ್ದ ದುಂಡು ತೂತೇ ಕೋಳಿಗೆ ಬಾಗಿಲು. ರಾತ್ರಿ ಅದಕ್ಕೆ ಹಳೇ ರೊಟ್ಟಿ ಹಂಚು ಅಡ್ಡ ಇಟ್ಟು ಕಲ್ಲು ಒರಗಿಸ್ತಾರೆ. ಕಾಲು ಎತ್ತರ ಇರೋದರಿಂದ ಹೆಗ್ಗಣ ಕೆಳಗಿನಿಂದ ಕೊರೆಯಲ್ಲ, ಮುಂಗುಸಿ ನುಗ್ಗಲ್ಲ. ಕೆಳಗಿನ ನೀರಿನ ತೊಟ್ಟಿಗೆ ಹೊಟ್ಟು ತುಂಬಿದ್ದಾರೆ. ಅಡ್ಡಕ್ಕೆ ಎರಡು ಬಿದಿರು ಕೋಲು, ಕೋಳಿ ಅದರ ಮೇಲೆ ಕೂರ್ತವೆ. ಬೇಸಿಗೆಯಲ್ಲಿ ಮೂರೂ ಕಡೆ ಒದ್ದೆ ಗೋಣಿ ಇಳಿಬಿಟ್ಟರೆ ಮತ್ತೆ ಕೂಲರ್! ಭಾಬಿ ಇದನ್ನು ಹೇಳುವಾಗ ನಕ್ಕರು, ಆದರೆ ಮಾತು ನಿಜ. ಕೋಳಿಗೆ ಬೆವರು ಬರಲ್ಲ. ಬಾಯಿ ತೆರೆದು ತೇಕಿ, ಜುಟ್ಟಿನಂಥ ಪುಕ್ಕವಿಲ್ಲದ ಜಾಗದ ಮೂಲಕವೇ ಮೈಯ ಸೆಕೆ ಕಳೀಬೇಕು. ಮಧ್ಯಾಹ್ನ ಕಾಳು ಹಾಕಬಾರದು, ತಿಂದದ್ದು ಅರಗುವಾಗ ಮೈ ಇನ್ನೂ ಬಿಸಿಯಾಗುತ್ತೆ. ಬೆಳಗಾಗುವಾಗ ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ. ನೀರು ಮಣ್ಣಿನ ಕುಡಿಕೆಯಲ್ಲಿ, ನೆರಳಿನಲ್ಲಿ.

ಮಳೆಗಾಲದಲ್ಲೇ ಯಾಕೆ ಜಾಸ್ತಿ ನಾತ ಬರುತ್ತೆ ಅಂತ ಮಾಸ್ತರ್ ಕೇಳಿದ್ದು ಇಲ್ಲೇ. ಹಿಕ್ಕೆ ಒಣಗಿದ್ದರೆ ಅಷ್ಟು ವಾಸನೆ ಇಲ್ಲ, ಒದ್ದೆಯಾದರೆ ಅಮೋನಿಯಾ ಏಳುತ್ತೆ. ನೀರಿನ ಕುಡಿಕೆ ಗೂಡಿನ ಹೊರಗಿಟ್ಟು, ದಿನಾ ಹೊಟ್ಟು ಕೆದರಿ, ಒದ್ದೆಯಾದಷ್ಟನ್ನು ಆಗಲೇ ತೆಗೆದು ಹಾಕಿದರೆ ಮುಕ್ಕಾಲು ಪಾಲು ನಾತ ಹೋಗುತ್ತೆ. ಮಾಸ್ತರ್ ಟವೆಲ್ ತೆಗೆದು ಭಾಬಿಯ ಗೂಡಿನೊಳಗೆ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಮಾತಾಡಲಿಲ್ಲ.

ನನ್ನ ಹಿತ್ತಲಲ್ಲಿ ಗಿರಿರಾಜ ಮತ್ತು ಸ್ವರ್ಣಧಾರ. ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿಗಳು. ಗಿರಿರಾಜ ಮಾಂಸಕ್ಕೆ ಚೆನ್ನಾಗಿ ಮೈ ತುಂಬುತ್ತೆ, ಆದರೆ ಭಾರ. ನಾಯಿ ಬಂದರೆ ಹಾರೋಕಾಗಲ್ಲ. ಸ್ವರ್ಣಧಾರ ಹಗುರ, ಮೊಟ್ಟೆಯೂ ಜಾಸ್ತಿ. ಈ ಎರಡಕ್ಕೂ ಕಾವಿಗೆ ಕೂರುವ ಗುಣ ಇಲ್ಲ ಅಂದರೂ ನಡೆಯುತ್ತೆ. ಮರಿ ಬೇಕಾದರೆ ದೊಡ್ಡವ್ವನ ನಾಟಿ ಹೇಂಟೆಯೇ ಗತಿ.

ದೊಡ್ಡವ್ವನ ಮನೆಯಲ್ಲಿ ಗೂಡು ಅಂತ ದೊಡ್ಡದಾಗಿ ಕಟ್ಟಿದ್ದೇನೂ ಇಲ್ಲ. ಬೇವಿನ ಮರದ ಕೆಳಗೆ ಒಂದು ಕಲ್ಲಿನ ಗೂಡು, ಅಡುಗೆಮನೆಯ ಮೂಲೆಯಲ್ಲಿ ಕಾವಿನ ಬುಟ್ಟಿ. ಬುಟ್ಟಿಯ ತಳಕ್ಕೆ ಒಲೆಯ ಬೂದಿ, ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಭತ್ತದ ಹುಲ್ಲು. ಹೇಂಟೆ 21 ದಿನ ಕೂತಲ್ಲೇ ಕೂತಿರುತ್ತೆ, ಹೇನು ಹತ್ತಿದರೆ ಸಂಕಟ ತಾಳಲಾರದೆ ಎದ್ದುಬಿಡುತ್ತೆ. ಅದಕ್ಕೇ ಬೂದಿ. ಮೊಟ್ಟೆ ಇಟ್ಟು ಒಂದು ವಾರ ದಾಟಿತ್ತು. ಬಾಗಿಲು ಮುಚ್ಚಿ ಕತ್ತಲೆ ಮಾಡಿ, ಮೊಮ್ಮಗಳ ಮೊಬೈಲ್ ಟಾರ್ಚ್ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ತೋರಿಸಿದರು. ಕೆಂಪಗಿನ ಬೆಳಕಿನಲ್ಲಿ ಜೇಡರ ಬಲೆಯಂತೆ ನರಗಳು, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತಿತ್ತು. ಒಂದು ಮೊಟ್ಟೆ ಖಾಲಿ ಹಳದಿಯಾಗಿ ಹೊಳೆಯಿತು. "ಇದು ಆಗಂಗಿಲ್ಲ" ಅಂತ ಪಕ್ಕಕ್ಕಿಟ್ಟರು. ಮಕ್ಕಳು ಮೂರು ಸುತ್ತು ಸರದಿ ನಿಂತವು. ಗೂಡಿನಲ್ಲಿ ನೋಡಲು ಏನಿದೆ ಅಂದವರ ಮನೆಯಿಂದಲೇ ಜನ ಹೊರಡಲಿಲ್ಲ.

ಕೊನೆಯ ಮನೆ ಅಸೀಲ್ ಅನ್ನುವ ಕಾಳಗದ ತಳಿಯ ಹುಂಜಗಳದ್ದು. ಎತ್ತರದ ಕಾಲು, ಸಣ್ಣ ಜುಟ್ಟು, ನೋಡೋಕೆ ಚೆಂದ. ಪಂದ್ಯಕ್ಕೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಮನೆಯ ಅಣ್ಣ ತಳಿಗೆ ಮಾತ್ರ ಸಾಕ್ತೀನಿ ಅಂದರು. ನಾವು ಹೆಚ್ಚು ಕೇಳಲಿಲ್ಲ.

ಈಗ ಆ ಪ್ರಶ್ನೆಯ ವಿಷಯ. ನಾನು ಒಂದು ನೋಟ್‌ಬುಕ್‌ನಲ್ಲಿ ಮನೆಗೊಂದು ಅಡ್ಡ ಸಾಲು, ತಿಂಗಳಿಗೊಂದು ಉದ್ದ ಸಾಲು ಗೀಟು ಹಾಕಿ ಬರೆದುಕೊಳ್ತಾ ಹೋದೆ. ಮೊದಲು ಎಲ್ಲರೂ "ನಾಯಿ ಹಿಡೀತ್ರೀ", "ಸೆಕಿಗೆ ಸತ್ತ್ವು" ಅಂತಲೇ ಶುರು ಮಾಡಿದರು. ಭಾಬಿ ಮಾತ್ರ ನೇರವಾಗಿ ಹೇಳಿದರು: ಹಸಿರು ಹಿಕ್ಕೆ ಹಾಕಿದವು, ಕತ್ತು ತಿರುಚಿಕೊಂಡವು, ನಾಲ್ಕು ದಿನದಲ್ಲಿ ಗೂಡು ಖಾಲಿ. ಒಬ್ಬರು ಬಾಯಿಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಹಲವು ಮನೆಗಳಲ್ಲಿ ಅದೇ ಕಥೆ, ಎಲ್ಲವೂ ಯುಗಾದಿಯ ಆಸುಪಾಸು. ನೋಟ್‌ಬುಕ್‌ನ ಒಂದೇ ಉದ್ದ ಸಾಲಿನಲ್ಲಿ ಕೆಳಗಿನ ತನಕ ಗುರುತು ಬಿದ್ದಿತ್ತು. ದೃಷ್ಟಿ ಆಯ್ತು ಅಂತ ನಿಂಬೆಹಣ್ಣು ಕಟ್ಟಿದವರೂ ಇದ್ದರು. ಹೊರಗೆ ಗೊತ್ತಾದರೆ ಕೋಳಿ ಯಾರೂ ಕೊಳ್ಳಲ್ಲ ಅಂತ ಮುಚ್ಚಿಟ್ಟು, ಉಳಿದವನ್ನು ಅವಸರದಲ್ಲಿ ಸಂತೆಗೆ ಸಾಗಿಸಿದವರೂ ಇದ್ದರು. ರೋಗ ಹರಡಿದ್ದು ಹಾಗೇ.

ನಮ್ಮ ಕಡೆ ಇದಕ್ಕೆ ಕೊಕ್ಕರೆ ರೋಗ ಅಂತಾರೆ, ಡಾಕ್ಟರು ರಾಣಿಖೇತ್ ಅಂತಾರೆ. ವೈರಸ್ ರೋಗ, ಬಂದ ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ ಒಂದು ವಾರದೊಳಗೆ ಲಸೋಟಾ ಅನ್ನುವ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಮತ್ತೊಮ್ಮೆ. ಎಂಟು ವಾರ ದಾಟಿದ ಮೇಲೆ ಆರ್‌ಟುಬಿ ಅನ್ನುವ ಇನ್ನೊಂದು ಲಸಿಕೆ, ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಎಂಎಲ್ ಚುಚ್ಚುಮದ್ದು. ಇದು ಹಲವರಿಗೆ ಗೊತ್ತಿತ್ತು. ಆದರೂ ಯಾಕೆ ಹಾಕಿಸಲ್ಲ? ಲಸಿಕೆಯ ಬಾಟಲಿ ಬರೋದೇ ನೂರು ಕೋಳಿಗೆ ಆಗುವ ಲೆಕ್ಕದಲ್ಲಿ. ನೀರು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹತ್ತು ಕೋಳಿ ಇರುವ ಮನೆಯವರು ಒಂದು ಬಾಟಲಿ ಒಡೆಸೋಕೆ ಹಿಂದೆಮುಂದೆ ನೋಡ್ತಾರೆ, ಡಾಕ್ಟರೂ ನೋಡ್ತಾರೆ.

ಆ ದಿನ ಎಲ್ಲರ ಕೋಳಿ ಕೂಡಿಸಿದಾಗ ನೂರರ ಹತ್ತಿರ ಬಂತು. ಅಲ್ಲೇ ಕಟ್ಟೆಯ ಮೇಲೆ ತೀರ್ಮಾನ ಆಯ್ತು. ಪಶು ಆಸ್ಪತ್ರೆಯಲ್ಲಿ ಮಾತಾಡಿದೆವು. ಒಂದು ವಾರ ಮೊದಲು ಎಲ್ಲರೂ ಜಂತುಹುಳದ ಔಷಧಿ ಹಾಕಿದರು. ಲಸಿಕೆಯ ದಿನ ಬೆಳಕು ಹರಿದರೂ ಯಾರೂ ಗೂಡಿನ ಬಾಗಿಲು ತೆಗೆಯಲಿಲ್ಲ. ಒಮ್ಮೆ ಹೊರಬಿಟ್ಟರೆ ಹಿಡಿಯೋದು ಯಾರು? ಐಸ್ ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿ ಬಾಟಲಿ. ಭಾಬಿಯ ಮಗ ಕೋಳಿ ಹಿಡಿದು ರೆಕ್ಕೆ ಬಿಡಿಸುವವನು, ಡಾಕ್ಟರ ಸಹಾಯಕರು ಚುಚ್ಚುವವರು, ನಾನು ಗೀಟು ಹಾಕುವವಳು. ಮಂಕಾದ ಕೋಳಿಗೆ ಹಾಕಲಿಲ್ಲ. ಮೊಟ್ಟೆ ಇಡುತ್ತಿದ್ದ ಹೇಂಟೆಗಳು ಆಮೇಲೆ ಕೆಲವು ದಿನ ಕಮ್ಮಿ ಇಟ್ಟವು, ಅದು ಇದ್ದದ್ದೇ ಅಂತ ಆಸ್ಪತ್ರೆಯವರು ಮೊದಲೇ ಹೇಳಿದ್ದರು.

ಇನ್ನೊಂದು ಮಾತೂ ಅವರು ಖಡಾಖಂಡಿತವಾಗಿ ಹೇಳಿದರು. ಕೋಳಿಗಳು ಒಮ್ಮೆಲೇ ಸಾಲಾಗಿ ಸತ್ತರೆ ಕೊಯ್ಯಬೇಡಿ, ಮಾರಬೇಡಿ, ಕಾಲುವೆಗೆ ಎಸೆಯಬೇಡಿ, ಮೊದಲು ಆಸ್ಪತ್ರೆಗೆ ತಿಳಿಸಿ. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಈಗ ಆ ಫೋನ್ ನಂಬರ್ ಪ್ರತಿ ಗೂಡಿನ ಬಾಗಿಲ ಮೇಲೆ ಬರೆದಿದೆ. ದೊಡ್ಡವ್ವನ ಕಲ್ಲಿನ ಗೂಡಿನ ಮೇಲೆ ಸುಣ್ಣದಲ್ಲಿ ಬರೆಸಿದ್ದಾರೆ.

ಮಾಸ್ತರ್ ಜಗಳ ಪೂರಾ ನಿಂತಿದೆ ಅಂತ ಹೇಳಲ್ಲ. ಆದರೆ ನನ್ನ ಗೂಡಿನ ಹೊಟ್ಟು ಗೊಬ್ಬರವನ್ನು ಈಗ ಅವರೇ ತಗೊಂಡು ಹೋಗ್ತಾರೆ. ಹಸಿ ಹಾಕಿದರೆ ಗಿಡ ಸುಟ್ಟುಹೋಗುತ್ತೆ ಅಂತ ಗುಂಡಿಯಲ್ಲಿ ಕೆಲವು ತಿಂಗಳು ಕೊಳೆಸಿ ಆಮೇಲೆ ಕನಕಾಂಬರಕ್ಕೆ ಹಾಕ್ತಾರೆ. ನಾನು ಕನಕಾಂಬರದ ಕಡೆಗೆ ಜಾಲರಿ ಕಟ್ಟಿಸಿದ್ದೇನೆ.

ಮುಂದಿನ ಚಳಿಗಾಲಕ್ಕೆ ಹಿಂದಿನ ಓಣಿಯವರೂ ಗೂಡು ತೋರಿಸ್ತೀವಿ ಅಂದಿದ್ದಾರೆ. ಅವರ ಕೋಳಿಗಳೂ ಸೇರಿದರೆ ಲಸಿಕೆಯ ಎರಡು ಬಾಟಲಿ ಬೇಕಾಗುತ್ತೆ. ಎರಡನ್ನೂ ಒಟ್ಟಿಗೆ ಒಡೆಯದೆ, ಒಂದು ಓಣಿ ಮುಗಿದ ಮೇಲೆ ಇನ್ನೊಂದನ್ನು ಬೆರೆಸೋದು ಅಂತ ಮಾತಾಗಿದೆ.