ಹಿಡಿಸೂಡಿ ಎತ್ತುವ ಮೊದಲು ಅದರ ಕಣ್ಣು ನೋಡಿ

ಹೋದ ವಾರ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಒಂದು ಅರಣೆ (ಘಟ್ಟದ ಮೇಲಿನವರು ಹಾವುರಾಣಿ ಎನ್ನುವುದು) ಬಿಸಿಲು ಕಾಯಿಸುತ್ತಾ ಕೂತಿತ್ತು. ನನ್ನ ತಮ್ಮನ ಸೊಸೆ "ಹಾವಿನ ಮರಿ, ಹಾವಿನ ಮರಿ" ಎಂದು ಬೊಬ್ಬೆ ಹಾಕಿ, ನಾನು ಹಿತ್ತಿಲಿಗೆ ಹೋಗಿ ಮುಟ್ಟುವುದರೊಳಗೆ ಹಿಡಿಸೂಡಿಯ ಬುಡದಿಂದ ಹೊಡೆದೂ ಆಗಿತ್ತು. ನಾಲ್ಕು ಕಾಲು ಕಣ್ಣಿಗೆ ಕಾಣುವ ಹಾಗೆ ಉಂಟು. ಹಾವಿಗೆ ಕಾಲು ಎಲ್ಲಿಂದ ಬರಬೇಕು? ಕೇಳಿದರೆ, "ಅಷ್ಟೆಲ್ಲ ನೋಡಲಿಕ್ಕೆ ಯಾರಿಗೆ ಪುರುಸೊತ್ತು ಅತ್ತೆ" ಎಂದಳು. ಹೊಡೆಯಲಿಕ್ಕೆ ಪುರುಸೊತ್ತು ಉಂಟು, ನೋಡಲಿಕ್ಕೆ ಇಲ್ಲ. ಅವಳ ಗಂಡನದ್ದು ಇನ್ನೊಂದು ಕಥೆ. ಕಂಡದ್ದಕ್ಕೆಲ್ಲ ದೂರದಿಂದ ಒಂದು ಫೋಟೋ ತೆಗೆದು ಫೋನಿನ ಹತ್ತಿರ ಹೆಸರು ಕೇಳುತ್ತಾನೆ. ಅದು ಯಾವುದೋ ದೇಶದ ಮರುಭೂಮಿಯ ಪ್ರಾಣಿಯ ಹೆಸರು ಹೇಳುತ್ತದೆ, ಇವನು ನಂಬುತ್ತಾನೆ. ಅದಕ್ಕೇ ಹಲ್ಲಿ, ಓತಿ, ಅರಣೆ, ಉಡ ಇವನ್ನು ಗುರುತಿಸುವುದು ಹೇಗೆಂದು ಇವತ್ತು ಬರೆಯಲು ಕೂತೆ.

ಮೊದಲು ಕಣ್ಣು ನೋಡಬೇಕು. ಬಣ್ಣ ನೋಡಿ ಹೆಸರು ಹೇಳುವುದೇ ತಪ್ಪು, ಬಣ್ಣ ಹೊತ್ತಿಗೊಂದು ಆಗುತ್ತದೆ. ಹಲ್ಲಿಗೆ ರೆಪ್ಪೆ ಇಲ್ಲ, ಕಣ್ಣಿಗೆ ಧೂಳು ಬಿದ್ದರೆ ನಾಲಿಗೆಯಲ್ಲೇ ನೆಕ್ಕಿ ಒರೆಸಿಕೊಳ್ಳುತ್ತದೆ. ಓತಿ, ಅರಣೆ, ಉಡ ಮೂರಕ್ಕೂ ರೆಪ್ಪೆ ಉಂಟು, ಮುಚ್ಚಿ ತೆರೆಯುತ್ತವೆ. ಹಾವು ಯಾವತ್ತೂ ರೆಪ್ಪೆ ಬಡಿಯುವುದಿಲ್ಲ. ಹುಲ್ಲಿನ ಎಡೆಯಿಂದ ಬರೀ ತಲೆ ಕಂಡರೂ ಎರಡು ಉಸಿರು ನಿಂತು ನೋಡಿ. ಕಣ್ಣು ಮಿಟುಕಿಸಿತೋ, ಅದು ಹಾವಲ್ಲ. ಮಿಟುಕಿಸದಿದ್ದರೆ ನಿಂತಲ್ಲಿಂದಲೇ ಹಿಂದೆ ಸರಿಯಿರಿ, ಮತ್ತೆ ಪರೀಕ್ಷೆ ಬೇಡ.

ಇನ್ನು ಆ ಅರಣೆ. ಮೈ ಎಣ್ಣೆ ಹಚ್ಚಿ ಒರೆಸಿದ ಹಾಗೆ ಮಿರಮಿರ ಮಿನುಗುತ್ತದೆ, ಕುತ್ತಿಗೆ ಎಲ್ಲಿ ಮುಗಿಯಿತು ಮೈ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ, ಕಾಲು ಗಿಡ್ಡ. ತರಗೆಲೆಯಲ್ಲಿ ಓಡುವಾಗ ಕಾಲನ್ನು ಮೈಗೆ ಒತ್ತಿಕೊಂಡು ಹರಿದು ಹೋಗುವುದರಿಂದ ಹಾವಿನ ಹಾಗೆ ಕಾಣುವುದು ಹೌದು. ಅರಣೆ ಕಚ್ಚಿದರೆ ಬದುಕುವುದಿಲ್ಲ ಎಂದು ನಮಗೂ ಸಣ್ಣವರಿರುವಾಗ ಹೆದರಿಸಿದ್ದರು. ಶುದ್ಧ ಸುಳ್ಳು, ಅದಕ್ಕೆ ವಿಷವೇ ಇಲ್ಲ. ಕೆಲವು ಜಾತಿಯ ಮರಿಗಳಿಗೆ ಬಾಲ ಕೆಂಪು ಇರುತ್ತದೆ, ಅದನ್ನು ಕಂಡು ಇನ್ನೂ ಹೆದರುತ್ತಾರೆ. ಹೆದರಿಸಿದರೆ ಬಾಲ ಉದುರಿಸಿ ಓಡುತ್ತದೆ, ಉದುರಿದ ಬಾಲ ಸ್ವಲ್ಪ ಹೊತ್ತು ಕುಣಿಯುತ್ತದೆ. ಅದನ್ನು ನೋಡುತ್ತಾ ಮಕ್ಕಳು ಚಪ್ಪಾಳೆ ತಟ್ಟುವುದು ನನಗೆ ಸರಿ ಕಾಣುವುದಿಲ್ಲ. ಆ ಬಾಲದಲ್ಲಿ ಅದು ಹೊಟ್ಟೆಗೆ ಸಿಗದ ದಿನಗಳಿಗೆಂದು ಕೂಡಿಟ್ಟ ಕೊಬ್ಬು ಇರುತ್ತದೆ.

ಓತಿಯದ್ದು ಒರಟು ಮೈ, ಬೆನ್ನ ಮೇಲೆ ಗರಗಸದ ಹಾಗೆ ಮುಳ್ಳಿನ ಸಾಲು, ಮೈಗಿಂತ ಎಷ್ಟೋ ಉದ್ದದ ಬಾಲ. ಅದು ಹಲ್ಲಿಯ ಹಾಗೆ ಬಾಲ ಉದುರಿಸುವುದಿಲ್ಲ. ಪಾಗಾರದ ಮೇಲೆ ಕೂತು ದಂಡ ತೆಗೆದ ಹಾಗೆ ಮೇಲೆ ಕೆಳಗೆ ಆಡುತ್ತದಲ್ಲ, ಅದು ಗಂಡು, ಇದು ನನ್ನ ಜಾಗ ಎಂದು ಸಾರುವುದು. ಸಂಗಾತಿ ಹುಡುಕುವ ಕಾಲಕ್ಕೆ ಕತ್ತು ರಕ್ತ ಕಾರಿದ ಹಾಗೆ ಕೆಂಪಾಗುತ್ತದೆ. ದೂರದಿಂದಲೇ ನಮ್ಮ ರಕ್ತ ಹೀರುತ್ತದೆ ಎಂಬ ಮಾತು ಅಲ್ಲಿಂದಲೇ ಹುಟ್ಟಿರಬೇಕು. ಬಣ್ಣ ಬದಲಿಸುತ್ತದೆ ಎಂದು ಇದನ್ನೇ ಗೋಸುಂಬೆ ಎಂದು ಕರೆಯುವವರಿಗೆ ನಾನು ಹೇಳಿ ಹೇಳಿ ಸೋತೆ. ಗೋಸುಂಬೆಯ ಎರಡು ಕಣ್ಣು ಗೋಪುರದ ಹಾಗೆ ಹೊರಗೆ ಬಂದು ಒಂದೊಂದು ಒಂದೊಂದು ಕಡೆ ತಿರುಗುತ್ತವೆ, ಬೆರಳುಗಳು ಇಕ್ಕುಳದ ಹಾಗೆ ಎರಡು ಕಟ್ಟಾಗಿರುತ್ತವೆ, ಬಾಲ ಸುರುಳಿ ಸುತ್ತಿರುತ್ತದೆ. ನಮ್ಮ ಹಿತ್ತಿಲಲ್ಲಿ ಇಷ್ಟು ವರ್ಷದಲ್ಲಿ ನಾನು ಒಂದನ್ನೂ ಕಂಡದ್ದಿಲ್ಲ.

ನನ್ನ ತವರು ಕಾರ್ಕಳದ ಕಡೆ. ಅಲ್ಲಿ ಕಂಗಿನ, ಎಂದರೆ ಅಡಿಕೆಯ, ತೋಟದಲ್ಲಿ ಹಾರುವ ಓತಿ ಉಂಟು. ಮರದ ತೊಗಟೆಗೇ ಅಂಟಿ ಹೋದ ಬಣ್ಣ, ನೋಡಿದರೂ ಕಾಣುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಪಟಕ್ಕನೆ ಬಿಚ್ಚಿ ಮಡಚುವಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಪಕ್ಕೆಲುಬು ಅಗಲಿಸಿ, ಅದಕ್ಕೆ ಕಟ್ಟಿದ ಚರ್ಮ ಬಿಡಿಸಿ ಒಂದು ಕಂಗಿನಿಂದ ಇನ್ನೊಂದಕ್ಕೆ ತೇಲುತ್ತದೆ. ಅಪ್ಪ ನಮ್ಮನ್ನು ಮರದ ಬುಡದಲ್ಲಿ ಸದ್ದಿಲ್ಲದೆ ಕೂರಿಸಿ, "ಇರುವೆಯ ಸಾಲು ನೋಡಿ, ಅದರ ಊಟ ಅದೇ, ಸಾಲು ಇದ್ದಲ್ಲಿಗೆ ಬರುತ್ತದೆ" ಎನ್ನುತ್ತಿದ್ದರು. ಬರುತ್ತಿತ್ತು.

ಇನ್ನು ಹಲ್ಲಿ. ಎಲ್ಲಾ ಹಲ್ಲಿ ಒಂದೇ ಎಂದುಕೊಂಡವರಿಗಾಗಿ, ಗೋಡೆಯ ಹಲ್ಲಿಯನ್ನು ಬಾಟ್ಲಿಯಲ್ಲಿ ಹಿಡಿದು ನೋಡುವ ನನ್ನ ಉಪಾಯ ಹೇಳುತ್ತೇನೆ. ಇದನ್ನು ಹೇಳಿದ ಹಾಗೆಯೇ ಮಾಡಿ, ನಿಮ್ಮ ಬುದ್ಧಿ ಸೇರಿಸಬೇಡಿ. ಅಗಲ ಬಾಯಿಯ ಗಾಜಿನ ಹಾರ್ಲಿಕ್ಸ್ ಬಾಟ್ಲಿ ಬೇಕು, ಪ್ಲಾಸ್ಟಿಕ್ ಆಗುವುದಿಲ್ಲ, ಮಸುಕು ಕಾಣುತ್ತದೆ. ಕಡ್ಲೆಹಿಟ್ಟು ಹಾಕಿ ಉಜ್ಜಿ, ಬಿಸಿನೀರಲ್ಲಿ ತೊಳೆದು, ಬೋರಲು ಹಾಕಿ ಬಿಸಿಲಲ್ಲಿ ಒಣಗಿಸಿ, ಸೋಪಿನ ವಾಸನೆ ಇರಬಾರದು. (ಉಪ್ಪಿನಕಾಯಿ ಬಾಟ್ಲಿಗೂ ಇದೇ ಕ್ರಮ. ಒದ್ದೆ ಇರುವಾಗಲೇ ಮುಚ್ಚಳ ಹಾಕಿಟ್ಟು, ಆಮೇಲೆ ಬೂಷ್ಟು ಬಂತು ಎಂದು ಮಿಡಿಯನ್ನು ದೂರುವವರನ್ನು ಎಷ್ಟು ಕಂಡಿದ್ದೇನೆ.) ಮತ್ತೆ ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು ಒಂದು, ಬಾಟ್ಲಿಯ ಬಾಯಿಗಿಂತ ನಾಲ್ಕು ಬೆರಳು ದೊಡ್ಡದು.

ಬೆಳಿಗ್ಗೆ ಬೇಗ, ಬಿಸಿಲೇರುವ ಮೊದಲು ಮಾಡಬೇಕು. ಅವುಗಳ ಮೈ ಬೆಚ್ಚಗಾಗದೆ ಓಟ ಬರುವುದಿಲ್ಲ. ಬಾಟ್ಲಿಯನ್ನು ತಲೆಯ ಎದುರಿಂದ ತರಬೇಡಿ, ನೆರಳು ಕಣ್ಣಿಗೆ ಬಿದ್ದ ಕೂಡಲೇ ಹಾರುತ್ತದೆ. ಬೆನ್ನ ಮೇಲಿಂದ ನಿಧಾನಕ್ಕೆ ಇಳಿಸಿ ಗೋಡೆಗೆ ಒತ್ತಿ. ಬಾಲ ಅಂಚಿಗೆ ಸಿಕ್ಕಿಕೊಂಡಿತೋ ಎಂದು ನೋಡಿ, ಸಿಕ್ಕಿದ್ದರೆ ಕೂದಲೆಳೆಯಷ್ಟು ಎತ್ತಿ ಬಿಡಿ, ಅದೇ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ರಟ್ಟನ್ನು ಗೋಡೆಗೆ ಸವರಿದ ಹಾಗೆ ಒಳಗೆ ತೂರಿಸಿ. ಅವಸರ ಮಾಡಿದರೆ ಬೆರಳು ಜಜ್ಜುತ್ತದೆ, ನಿಮ್ಮದಲ್ಲ, ಅದರದ್ದು.

ಈಗ ನೆರಳಿಗೆ ಬಂದು ಬಾಟ್ಲಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಹಿಡಿದು ಕೆಳಗಿನಿಂದ ನೋಡಿ. ಗಾಜಿಗೆ ಒತ್ತಿದ ಒಂದೊಂದು ಬೆರಳಿನ ಅಡಿಯಲ್ಲೂ ಸಣ್ಣ ಸಣ್ಣ ಪದರ, ಬೈತಲೆ ತೆಗೆದ ಹಾಗೆ ನಡುವೆ ಗೆರೆ ಬಿದ್ದು ಎರಡು ಸಾಲು. ಅದು ಹೀರಿ ಹಿಡಿಯುವುದಲ್ಲ, ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಪೂರದ ಕೂದಲು ಉಂಟು, ಅದರಿಂದ ನಿಲ್ಲುವುದು. ಹೊಟ್ಟೆಯ ಚರ್ಮ ತೆಳು, ಮೊಟ್ಟೆ ಇದ್ದರೆ ಎರಡು ಬಿಳಿ ಗುಂಡು ಹೊರಗಿನಿಂದಲೇ ಕಾಣುತ್ತದೆ. ಇನ್ನು ಬೆನ್ನು ನೋಡಿ. ಮೈ ನುಣುಪಿದ್ದು ಬಾಲದಲ್ಲಿ ಮಾತ್ರ ಸಣ್ಣ ಮುಳ್ಳಿನ ಸುತ್ತುಗಳಿದ್ದರೆ ಅದು ಲೊಚಗುಟ್ಟುವ ಮನೆಹಲ್ಲಿ. ಬೆನ್ನ ಮೇಲೂ ಸಾಲಾಗಿ ಬೊಕ್ಕೆ ಎದ್ದಿದ್ದರೆ ಅದು ಬೇರೆ ಜಾತಿ. ಮಾವಿನ ತೊಗಟೆಯಲ್ಲಿ ಬೂದು ಬಣ್ಣದ ದೊಡ್ಡದೊಂದು ಇರುತ್ತದೆ, ಅದು ಮರಹಲ್ಲಿ. ನೂರು ಎಣಿಸುವಷ್ಟು ಹೊತ್ತು ಸಾಕು, ಎಲ್ಲಿ ಹಿಡಿದಿರೋ ಅಲ್ಲೇ ಬಿಡಿ. ಬಾಟ್ಲಿಯನ್ನು ಬಿಸಿಲಲ್ಲಿ ಇಟ್ಟು ಫೋನು ತರಲಿಕ್ಕೆ ಓಡಬೇಡಿ. ನಮ್ಮಲ್ಲೇ ಒಬ್ಬ ಹುಡುಗ ಹಾಗೆ ಮಾಡಿ, ತಿರುಗಿ ಬರುವಾಗ ಹಲ್ಲಿ ಬೆಂದು ಸತ್ತಿತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ.

ಈ ಉಪಾಯ ಹಲ್ಲಿಗೆ, ಹೆಚ್ಚೆಂದರೆ ಮನೆಯೊಳಗೆ ಬಂದ ಅರಣೆಗೆ. ಓತಿಗೆ ಬೇಡ. ಉಡದ ಹತ್ತಿರವಂತೂ ಹೋಗಲೇಬೇಡಿ. ಸೀಳು ನಾಲಿಗೆ ಹೊರಹಾಕುತ್ತಾ ಕೋಳಿಗೂಡಿನ ಸುತ್ತ ಸುಳಿಯುವುದು ಮೊಟ್ಟೆಯ ಆಸೆಗೆ. ಗೂಡಿನ ಬಾಗಿಲು ಭದ್ರ ಮಾಡಿ, ಅಷ್ಟೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ಮೊದಲ ಪಟ್ಟಿಯ ರಕ್ಷಣೆಯೇ ಅದಕ್ಕೂ ಉಂಟು, ಕೊಂದರೆ ಜೈಲು.

ಪ್ರಾಣಿ ಕಾಣದಿದ್ದರೆ ಹಿಕ್ಕೆ ನೋಡಿ. ಕಪ್ಪು ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿಯದ್ದು, ಇಲ್ಲದಿದ್ದರೆ ಇಲಿಯದ್ದೋ ಎಂದು ಹುಡುಕಿ. ಹಪ್ಪಳದ ಚಾಪೆಯ ಮೇಲೆ ಇದನ್ನು ನೋಡಲು ಕಲಿತರೆ ಸುಮ್ಮನೆ ಪಾಷಾಣ ಇಡುವ ಕೆಲಸ ತಪ್ಪುತ್ತದೆ.

ಮಲ್ಲಿಗೆ ಬುಡ ಬಿಡಿಸುವಾಗ ಮೊಟ್ಟೆ ಸಿಕ್ಕಿದರೂ ಗಾಬರಿ ಬೇಡ. ಹಲ್ಲಿಯ ಮೊಟ್ಟೆ ಗುಂಡಗೆ, ಗಟ್ಟಿ ಚಿಪ್ಪಿನದ್ದು, ಗೋಡೆಯ ಬಿರುಕಿನಲ್ಲಿ ಎರಡೆರಡು. ಮಣ್ಣೊಳಗೆ ಉದ್ದುದ್ದ, ಮೆತ್ತಗೆ, ಹತ್ತಾರು ಒಟ್ಟಿಗೆ ಇದ್ದರೆ ಹೆಚ್ಚಾಗಿ ಓತಿಯದ್ದು. ಕೈ ಹಾಕಬೇಡಿ, ಹಾವಿನ ಮೊಟ್ಟೆಯೂ ಮೆತ್ತಗೇ ಇರುತ್ತದೆ. ಗುದ್ದಲಿ ಬದಿಗಿಟ್ಟು ತೆಗೆದ ಮಣ್ಣನ್ನೇ ಹಗುರಕ್ಕೆ ಮುಚ್ಚಿ. ತಿರುಗಿಸಿ ಮುರುಗಿಸಿ ನೋಡುವ ಚಟ ಬಿಡಿ, ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಬೆಳೆಯುವಂಥದ್ದು, ಬೋರಲಾದರೆ ಸಾಯುತ್ತದೆ. ಆ ಒಂದು ಗಿಡದ ಬುಡಕ್ಕೆ ಗೊಬ್ಬರ ಎರಡು ತಿಂಗಳು ಬಿಟ್ಟು ಹಾಕಿದರೂ ಹೂವಿಗೆ ಏನೂ ಕಡಿಮೆ ಆಗುವುದಿಲ್ಲ.