ಆಯ್-ಆಯ್ ನೋಡಬೇಕಾದರೆ ಹಗಲಲ್ಲೇ ಹುಡುಕಿ

ಆಯ್-ಆಯ್ ಅಂದರೆ ಹಗಲು ಗೂಡಿನಲ್ಲಿ ಮಲಗಿ ರಾತ್ರಿ ಓಡಾಡುವ ಒಂದು ಲೀಮರ್, ಕೋತಿಗಳ ದೂರದ ನೆಂಟ. ಅದನ್ನು ನೋಡಲು ಮಡಗಾಸ್ಕರಿಗೆ ಹೊರಟವರು ಮೊದಲು ಕೇಳುವುದು ಯಾವ ಟಾರ್ಚ್ ತಗೊಳ್ಳಲಿ ಅಂತ. ಟಾರ್ಚಿನ ಕೆಲಸ ಕಡೆಯಲ್ಲಿ ಬರುತ್ತದೆ. ಗಂಡು ಆಯ್-ಆಯ್ ನೂರು ಹೆಕ್ಟೇರಿಗೂ ಮೀರಿದ ಕಾಡನ್ನು ತನ್ನದಾಗಿ ಸುತ್ತುತ್ತದೆ. ಅಷ್ಟು ಜಾಗದಲ್ಲಿ ಕತ್ತಲಾದ ಮೇಲೆ ಬೆಳಕು ಬೀಸುತ್ತಾ ಅಲೆದರೆ ಸಿಗುವುದು ಇಲಿ ಲೀಮರ್‌ಗಳಷ್ಟೇ. ನಾನು ಹುಡುಕುವುದು ಗೂಡನ್ನು, ಅದೂ ಮಧ್ಯಾಹ್ನ.

ಜಾಗದ ಆಯ್ಕೆ ಮೊದಲು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳೊಳಗೆ ರಾತ್ರಿ ನಡಿಗೆಗೆ ಬಿಡುವುದಿಲ್ಲ. ಮನನಾರಾ ಊರಿನ ಬಳಿ ಹೊಳೆ ನಡುವಿನ ಚಿಕ್ಕ ದ್ವೀಪದಲ್ಲಿ ತೆಂಗಿನ ಮರದ ಮೇಲೆ ಸುಲಭವಾಗಿ ಕಾಣುತ್ತದೆ, ಆದರೆ ಅವು ಮನುಷ್ಯರು ತಂದು ಬಿಟ್ಟವು. ನನಗೆ ಅದು ಅರ್ಧ ಮೃಗಾಲಯದ ಹಾಗೆ. ಉತ್ತರದ ದರೈನಾ ಕಾಡು ಮೇಲು. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲಿ ಬಹಳಷ್ಟು ಮರಗಳು ಎಲೆ ಉದುರಿಸುವುದರಿಂದ ಗೂಡು ಬಯಲಾಗುತ್ತದೆ.

ಗೂಡು ನೋಡಲು ದೊಡ್ಡ ಕಾಗೆ ಗೂಡಿನಂತೆ, ಆದರೆ ಮೇಲೂ ಮುಚ್ಚಿದ ಉಂಡೆ. ಕವಲಿನಲ್ಲಿ, ಎತ್ತರದಲ್ಲಿ ಇರುತ್ತದೆ. ಬೈನಾಕ್ಯುಲರ್‌ನಲ್ಲಿ ಒಂದೇ ವಿಷಯ ನೋಡಿ: ಕಡ್ಡಿಗಳ ನಡುವೆ ಹಸಿರು ಎಲೆ ಇದೆಯೇ? ಇದ್ದರೆ ಇತ್ತೀಚಿನದು. ಎಲ್ಲ ಕಂದಾಗಿದ್ದರೆ ಅಲ್ಲಿ ಕಾದು ಪ್ರಯೋಜನ ಕಡಿಮೆ. ಒಂದೇ ಪ್ರಾಣಿ ಹಲವು ಗೂಡು ಬದಲಾಯಿಸುತ್ತದೆ, ಒಂದು ಬಿಟ್ಟ ಗೂಡಿಗೆ ಇನ್ನೊಂದು ಬಂದು ಮಲಗುವುದೂ ಉಂಟು. ಹಾಗಾಗಿ ಮೂರ್ನಾಲ್ಕು ಗೂಡು ಗುರುತಿಸಿ, ಒಂದೊಂದರ ಬಳಿ ಒಬ್ಬೊಬ್ಬರನ್ನು ಕೂರಿಸುವುದು ನನ್ನ ಕ್ರಮ. ಊರಿನ ಗೈಡ್‌ಗಳ ಕಣ್ಣಿಗೆ ಬೀಳುವುದು ನಮಗೆ ಬೀಳುವುದಿಲ್ಲ. ಅವರಿಗೆ ಕೊಡುವ ಹಣದಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಒಣ ಮರದ ಬುಡವನ್ನೂ ನೋಡಿ. ಒಳಗಿನ ಹುಳಕ್ಕಾಗಿ ಹಲ್ಲಿನಿಂದ ಕೆತ್ತಿದ ತೂತು, ಕೆಳಗೆ ಬಿದ್ದ ಚಕ್ಕೆ. ಚಕ್ಕೆ ಇನ್ನೂ ಬೆಳ್ಳಗಿದ್ದರೆ ನಿನ್ನೆ ಮೊನ್ನೆಯದು.

ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗಲೇ ಕೂರಬೇಕು. ಗೂಡಿನ ನೇರ ಕೆಳಗಲ್ಲ, ಇಪ್ಪತ್ತು ಮೀಟರ್ ದೂರ, ಅದೂ ಗೂಡಿನ ಪೂರ್ವಕ್ಕೆ. ಆಗ ಪಡುವಣ ಆಕಾಶದ ಉಳಿದ ಬೆಳಕಿಗೆ ಎದುರಾಗಿ ದೊಡ್ಡ ಕಿವಿ, ಪೊದೆ ಬಾಲ ಕಪ್ಪಗೆ ಕಾಣುತ್ತವೆ, ಟಾರ್ಚ್ ಬೇಕಿಲ್ಲ. ಹೊರಬಂದ ಪ್ರಾಣಿ ಕೆಲವೊಮ್ಮೆ ಅಲ್ಲೇ ಕೊಂಬೆಯಲ್ಲಿ ಮೈ ಕೆರೆದು ಸವರಿಕೊಳ್ಳುತ್ತದೆ. ನಿಮಗೆ ಸಿಗುವುದು ಆ ಕೆಲವು ನಿಮಿಷ.

ಈಗ ಟಾರ್ಚ್. ಕಣ್ಣಿನ ಹೊಳಪು ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸೊಂಟದ ಬಳಿ ಟಾರ್ಚ್ ಹಿಡಿದವರಿಗೆ ಅದು ಕಾಣದಿರುವುದು ಇದಕ್ಕೇ. ಹಣೆಗೆ ಕಟ್ಟಿ, ಇಲ್ಲವೇ ಕಿವಿಯ ಪಕ್ಕ ಹಿಡಿಯಿರಿ. ಮೇಲೆ ಕೆಂಪು ಫಿಲ್ಟರ್ ಹಾಕಿ. ತುಮಕೂರು ಕಡೆ ಕಾಡುಪಾಪ ಹುಡುಕಿದವರಿಗೆ ಈ ಉಪಾಯ ಗೊತ್ತೇ ಇದೆ. ಆದರೆ ಕಾಡುಪಾಪ ನಿಧಾನದ್ದು, ಕಣ್ಣು ತಪ್ಪಿದರೂ ಅದೇ ಪೊದೆಯಲ್ಲಿ ಮತ್ತೆ ಸಿಗುತ್ತದೆ. ಆಯ್-ಆಯ್ ಒಮ್ಮೆ ತಪ್ಪಿದರೆ ಬೆಳಕು ಆರಿಸಿ ಕಿವಿ ಕೊಡಬೇಕು. ಒಳಗಿನ ಹುಳ ಪತ್ತೆಮಾಡಲು ಕಡ್ಡಿಯಂಥ ನಡುಬೆರಳಿನಿಂದ ಅದು ಕೊಂಬೆ ತಟ್ಟುವ ಸದ್ದು ತೀರಾ ಸಣ್ಣದು, ಹತ್ತಿರವಿದ್ದರಷ್ಟೇ ಕೇಳುತ್ತದೆ. ಕಟ್ಟಿಗೆ ಕೊರೆಯುವ ಕರಕರ ಸದ್ದು ಮಾತ್ರ ದೂರಕ್ಕೂ ಬರುತ್ತದೆ. ಅದು ಶುರುವಾದರೆ ಪ್ರಾಣಿ ಒಂದೇ ಕಡೆ ನಿಂತಿದೆ ಎಂದರ್ಥ, ಆಗ ಮೆಲ್ಲಗೆ ಹತ್ತಿರ ಹೋಗಬಹುದು. ಸದ್ದು ನಿಂತರೆ ನೀವೂ ನಿಲ್ಲಿ.

ಫೋಟೋಗೆ ಫ್ಲಾಶ್ ಬೇಡ. ಗೂಡಿನ ಜಿಪಿಎಸ್ ಗುರುತನ್ನು ಫೋಟೋದಿಂದ ಅಳಿಸಿ. ಕೆಲವು ಊರುಗಳಲ್ಲಿ ಆಯ್-ಆಯ್ ಅಪಶಕುನ, ಕಂಡರೆ ಕೊಲ್ಲಬೇಕೆಂಬ ನಂಬಿಕೆ ಇನ್ನೂ ಇದೆ. ಹಾಗಾಗಿ ಮರುದಿನ ಸಂತೆಯಲ್ಲಿ ಯಾರಾದರೂ ಎಲ್ಲಿ ನೋಡಿದಿರಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಕಾಡಿನಲ್ಲಿ.