ಒಂದೇ ಮಳೆ, ಯಾರ ಮನೆಗೆ ನೀರು?

ಸಿದ್ದಾಪುರದಲ್ಲಿ ಭಾನುವಾರ ಸೇರುವ ನಮ್ಮ ಮಕ್ಕಳ ಗುಂಪಿಗೆ ನಾನು ಮೊದಲ ದಿನವೇ 'ಹವಾಮಾನ ನ್ಯಾಯ' ಅಂತ ಹೇಳುವುದಿಲ್ಲ. ಭೂಮಿಯನ್ನು ಬಿಸಿ ಮಾಡಿದವರು ಒಬ್ಬರು, ಪೆಟ್ಟು ತಿನ್ನುವವರು ಇನ್ನೊಬ್ಬರು ಆಗಬಾರದು ಅನ್ನುವ ಮಾತು ಅದು. ಕೊಡಗಿನ ಮಕ್ಕಳು ಮಳೆಯ ಇಂಚಿನ ಲೆಕ್ಕ ಕೇಳುತ್ತಲೇ ಬೆಳೆದವರು. ಹಾಗಾಗಿ ಮಳೆ ಅಳೆಯುವುದರಿಂದ ಶುರು ಮಾಡುತ್ತೇನೆ.

ಬದಿ ನೇರವಾಗಿರುವ ಎರಡು ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯ ಹಾಗೆ ತಲೆಕೆಳಗಾಗಿ ಬಾಟಲಿಗೆ ಕೂರಿಸಿ. ತಳಕ್ಕೆ ಸಣ್ಣ ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿಸಿ. ಆ ಗೆರೆಯೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಸಿಲ್ವರ್ ಓಕ್ ಮರದ ಕೆಳಗೆ ಇಡಬೇಡಿ, ಎಲೆಯಿಂದ ತೊಟ್ಟಿಕ್ಕುವ ನೀರು ಲೆಕ್ಕ ಕೆಡಿಸುತ್ತದೆ. ದಿನಾ ಬೆಳಿಗ್ಗೆ 8.30ಕ್ಕೆ ಒಬ್ಬರು ನೋಡಿ ಮಳೆ ಪುಸ್ತಕದಲ್ಲಿ ಬರೆಯಲಿ. 25.4 ಮಿಲಿಮೀಟರ್ ಅಂದರೆ ಒಂದು ಇಂಚು.

ತಿಂಗಳಾದ ಮೇಲೆ ಹೊಳೆದಡಕ್ಕೆ ಕರೆದುಕೊಂಡು ಹೋಗಿ. ನಾವು ಕರಡಿಗೋಡಿಗೆ ಹೋಗಿದ್ದೆವು. 2019ರ ಆಗಸ್ಟ್‌ನಲ್ಲಿ ಕಾವೇರಿ ಅಲ್ಲಿಯೂ ನೆಲ್ಯಹುದಿಕೇರಿಯಲ್ಲಿಯೂ ಮನೆಗಳಿಗೆ ನುಗ್ಗಿತ್ತು. ಒಂದು ಗೋಡೆಯಲ್ಲಿ ಕೆಸರಿನ ಗೆರೆ ಇನ್ನೂ ಇತ್ತು. ಏಳನೇ ಕ್ಲಾಸಿನ ಹುಡುಗಿ ಅದಕ್ಕೆ ಬೆನ್ನು ಹಚ್ಚಿ ನಿಂತಳು. ಗೆರೆ ಅವಳ ಗಲ್ಲದ ಮಟ್ಟಕ್ಕೆ ಬಂತು. ಯಾರೂ ಮಾತಾಡಲಿಲ್ಲ. ಆಗ ನೀವೂ ಸುಮ್ನೆ ಇರಿ.

ಆಮೇಲೆ ಕೇಳಿ: ಗುಡ್ಡದ ಮೇಲಿನ ಬಂಗಲೆಗೂ ಇಷ್ಟೇ ಇಂಚು ಬಿತ್ತಲ್ವಾ, ಅಲ್ಲಿಗೆ ನೀರು ಯಾಕೆ ಹೋಗಲಿಲ್ಲ? ತೋಟದಲ್ಲಿ ದುಡಿಯುವವರಿಗೆ ಮನೆ ಕಟ್ಟಲು ಹೊಳೆದಡ ಬಿಟ್ಟು ಬೇರೆ ಜಾಗ ಇತ್ತಾ? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಹಾಗೆ ಬಿಸಿಯಾಗುವಷ್ಟು ಕಲ್ಲಿದ್ದಲು, ಪೆಟ್ರೋಲ್ ಉರಿಸಿದವರು ಈ ಹೊಳೆದಡದವರಾ? ಹವಾಮಾನ ನ್ಯಾಯದ ಮಾತು ಎತ್ತಬೇಕಾದದ್ದು ಈಗ.

ಒಂದು ಎಚ್ಚರಿಕೆ. 2018ರ ಭೂಕುಸಿತದಲ್ಲಿ ಮಕ್ಕಂದೂರು ಕಡೆ ಮನೆ ಕಳೆದುಕೊಂಡ ಕುಟುಂಬದ ಹುಡುಗನೊಬ್ಬನಿಗೆ "ನಿಮ್ಮನೆ ಕಥೆ ಹೇಳಪ್ಪಾ" ಅಂದಿದ್ದೆ. ಅವನು ಎರಡು ಭಾನುವಾರ ಬರಲೇ ಇಲ್ಲ. ಅದು ನನ್ನ ತಪ್ಪು. ಮಕ್ಕಳು ತಾವಾಗಿ ಹೇಳಿದರೆ ಮಾತ್ರ ಕೇಳಿ.

ಕೊನೆಗೆ, ಮಕ್ಕಳೇ ತಮ್ಮ ಬೇಡಿಕೆ ಹೇಳುವ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆ. ಹತ್ತು ಬೇಡಿಕೆ ಬೇಡ, ಒಂದೇ ಸಾಕು. ನಮ್ಮ ಮಕ್ಕಳು ಕೇಳಿದ್ದು: ಹೊಳೆದಡದ ಕಂಬಗಳಲ್ಲಿ 2019ರ ನೀರಿನ ಮಟ್ಟವನ್ನು ಕೆಂಪು ಬಣ್ಣದಲ್ಲಿ ಗುರುತು ಮಾಡಿ, ನೀರು ಎಲ್ಲಿಗೆ ಮುಟ್ಟಿದಾಗ ಮನೆ ಬಿಡಬೇಕು ಅಂತ ಬರೆಸಿ. ಅರ್ಜಿಯನ್ನು ಮಕ್ಕಳೇ ಬರೆಯಲಿ, ಜೊತೆಗೆ ಮಳೆ ಪುಸ್ತಕದ ಪುಟ ಇಡಲಿ. ಎರಡು ಪ್ರತಿ ಮಾಡಿಸಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಮುಂದಿನ ಸಭೆಗೆ ಹೋಗುವಾಗ ಆ ಸೀಲಿನ ಪ್ರತಿ ಮಕ್ಕಳ ಕೈಯಲ್ಲೇ ಇರಲಿ.